ಹಲ್ಲು ನೋಡಿ ಕೊಂಡ ಗೇರ್‌ಬಾಕ್ಸ್

ದನದ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದವನು ಮೊದಲು ಬಾಯಿ ಬಿಡಿಸುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ನೋಡಿಕೊಂಡ ಮೇಲೆಯೇ ಟವೆಲಿನ ಕೆಳಗೆ ಬೆರಳು ಹಿಡಿಯುವ ವ್ಯಾಪಾರ. ಘಾಟಿ ಸುಬ್ರಹ್ಮಣ್ಯಕ್ಕೆ ಹೊಡೆದುಕೊಂಡು ಬಂದ ಜೋಡಿಯ ಮೈ ಎಷ್ಟೇ ಮಿಂಚುತ್ತಿರಲಿ, ಕೊಂಬಿಗೆ ಎಷ್ಟೇ ಎಣ್ಣೆ ಬಿದ್ದಿರಲಿ, ವಯಸ್ಸು ಇರುವುದು ಬಾಯೊಳಗೆ.

ಕಾಮಾಕ್ಷಿಪಾಳ್ಯದ ಒಂದು ಗ್ಯಾರೇಜಿನಲ್ಲಿ, ಎರಡು ಹಳೆಯ ಟೈರುಗಳ ಮೇಲೆ ಕೂತಿದ್ದ ಎರಡು ಗೇರ್‌ಬಾಕ್ಸ್‌ಗಳ ಮುಂದೆ ನಿಂತಾಗ ನನಗೆ ನೆನಪಾದದ್ದು ಆ ಜಾತ್ರೆ. ಜೊತೆಗಿದ್ದವರು ವಿಜಯನಗರದ ನಮ್ಮ ಮೇಷ್ಟ್ರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಮೇಲೆ ಸುಮ್ಮನೆ ಕೂರಲಾಗದೆ ಒಂದು ಹಳೆಯ ಟಾಟಾ 407 ಕೊಂಡಿದ್ದಾರೆ. ಅದರ ಹಿಂಬದಿಯಲ್ಲಿ ಲೋಲಕ, ಮಸೂರ, ಕಾಂತ, ಗಾಳಿ ಪಂಪು ಎಲ್ಲ ಜೋಡಿಸಿ ಮಾಗಡಿ, ಕುಣಿಗಲ್ ಕಡೆಯ ಶಾಲೆಗಳಿಗೆ ಒಯ್ಯಬೇಕು ಎಂಬುದು ಅವರ ಆಸೆ. ಲಾರಿ ಅಗ್ಗಕ್ಕೆ ಸಿಕ್ಕಿತ್ತು, ಯಾಕೆಂದರೆ ಅದರ ಗೇರ್‌ಬಾಕ್ಸನ್ನು ಯಾರೋ ಮೊದಲೇ ಬಿಚ್ಚಿ ಮಾರಿಕೊಂಡಿದ್ದರು. ಈಗ ಗುಜರಿಯಿಂದ ಎರಡು ಬಂದಿವೆ. ಅಡ್ವಾನ್ಸ್ ಕೊಟ್ಟದ್ದು, ಬೇಡವಾದದ್ದು ಸಂಜೆಯೊಳಗೆ ವಾಪಸ್ ಹೋಗಬೇಕೆಂಬ ಷರತ್ತಿನ ಮೇಲೆ.

ಒಂದಕ್ಕೆ ಬೆಳ್ಳಿ ಬಣ್ಣದ ಪೇಂಟು. ಮುಂದಿನ ಶಾಫ್ಟು ಹಿಡಿದು ತಿರುಗಿಸಿದರೆ ಬೆಣ್ಣೆಯಂತೆ ತಿರುಗುತ್ತದೆ, ಸದ್ದಿಲ್ಲ. ‘ರಿಪೇರಿ ಆಗಿರೋದು ಸಾರ್, ಹಾಗೇ ಏರಿಸಿ’ ಎಂದಿದ್ದರಂತೆ. ಇನ್ನೊಂದರ ಮೇಲೆ ಅರ್ಧ ಅಂಗುಲ ದಪ್ಪದ ಎಣ್ಣೆಮಣ್ಣು. ತಿರುಗಿಸಿದರೆ ಒಳಗೆ ರಾಗಿ ಬೀಸುವ ಸದ್ದು.

ಯಾವುದು ಬೇಕು? ಬೇಕಾದದ್ದನ್ನು ಪೂರ್ತಿ ಬಿಚ್ಚಿ ಕಟ್ಟಿಸಬೇಕೋ, ಹಾಗೇ ಕೂರಿಸಬೇಕೋ?

ಉತ್ತರ ಹೇಳುವ ಮೊದಲು ಒಂದು ತಪ್ಪು ಕಲ್ಪನೆ ತೆಗೆದುಹಾಕಬೇಕು. ಗೇರ್ ಹಾಕಿದಾಗ ಒಳಗೆ ಒಂದು ಚಕ್ರದ ಹಲ್ಲು ಇನ್ನೊಂದರ ಹಲ್ಲಿಗೆ ಹೋಗಿ ಸೇರುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಮೊದಮೊದಲ ಮೋಟಾರು ಗಾಡಿಗಳಲ್ಲಿ ಅದು ನಿಜವೂ ಆಗಿತ್ತು. ಈಗಿನ ಗೇರ್‌ಬಾಕ್ಸಿನಲ್ಲಿ ಮುಂದಕ್ಕೆ ಹೋಗುವ ಗೇರುಗಳ ಹಲ್ಲುಗಳೆಲ್ಲ ಯಾವಾಗಲೂ ಕಚ್ಚಿಕೊಂಡೇ ಇರುತ್ತವೆ. ಕೆಳಗೆ ಕೌಂಟರ್ ಶಾಫ್ಟು, ಅದರ ಮೇಲೆ ಸಾಲಾಗಿ ಚಿಕ್ಕದೊಡ್ಡ ಚಕ್ರಗಳು. ಮೇಲೆ ಮೇನ್ ಶಾಫ್ಟು, ಅದರ ಮೇಲೂ ಅವಕ್ಕೆ ಜೋಡಿಯಾದ ಚಕ್ರಗಳು. ಮೇಲಿನ ಚಕ್ರಗಳು ಶಾಫ್ಟಿಗೆ ಅಂಟಿಕೊಂಡಿಲ್ಲ, ಬಳೆಯ ಹಾಗೆ ಸಡಿಲವಾಗಿ ಸುತ್ತುತ್ತಿರುತ್ತವೆ. ನಾವು ಗೇರ್ ಕಡ್ಡಿ ಎಳೆದಾಗ ಒಂದು ಸ್ಲೀವ್ ಸರಿದುಬಂದು ಅವುಗಳಲ್ಲಿ ಒಂದನ್ನು ಮಾತ್ರ ಶಾಫ್ಟಿಗೆ ಬಿಗಿಯುತ್ತದೆ. ಅಷ್ಟೇ.

ಬಿಗಿಯುವ ಕ್ಷಣದಲ್ಲಿ ಸ್ಲೀವ್ ಒಂದು ವೇಗದಲ್ಲಿ, ಚಕ್ರ ಇನ್ನೊಂದು ವೇಗದಲ್ಲಿ ತಿರುಗುತ್ತಿರುತ್ತವೆ. ಹಾಗೇ ತುರುಕಿದರೆ ‘ಕರ್ರ್’. ಹಳೆಯ ಲಾರಿ ಡ್ರೈವರುಗಳು ಇದಕ್ಕೆ ಕ್ಲಚ್ಚನ್ನು ಎರಡು ಸಲ ತುಳಿದು, ನಡುವೆ ಆಕ್ಸಿಲರೇಟರ್ ಕೊಟ್ಟು, ಕಿವಿಯಿಂದಲೇ ವೇಗ ಹೊಂದಿಸುತ್ತಿದ್ದರು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಸಿಂಕ್ರೋಮೆಶ್ ಈ ಕೆಲಸವನ್ನು ಒಂದು ಹಿತ್ತಾಳೆ ಬಣ್ಣದ ಉಂಗುರಕ್ಕೆ ವಹಿಸಿತು. ಚಕ್ರದ ಪಕ್ಕದಲ್ಲಿ ಒಂದು ಶಂಕು, ಅದರ ಮೇಲೆ ಟೋಪಿಯಂತೆ ಕೂರುವ ಉಂಗುರ. ಸ್ಲೀವ್ ಬರುವ ಮೊದಲು ಉಂಗುರ ಶಂಕುವನ್ನು ಉಜ್ಜಿ ಎರಡರ ವೇಗ ಒಂದಾಗಿಸುತ್ತದೆ. ಒಂದಾಗುವ ತನಕ ಸ್ಲೀವನ್ನು ಒಳಗೆ ಬಿಡುವುದೂ ಇಲ್ಲ.

ಬ್ರೇಕ್ ಲೈನರ್‌ನ ಹಾಗೆ ಇದೂ ಉಜ್ಜಿ ಸವೆಯಲೆಂದೇ ಹುಟ್ಟಿದ ಭಾಗ. ಉಂಗುರದ ಒಳಮೈಗೆ ಕೂದಲೆಳೆಯಂಥ ಗೆರೆಗಳಿರುತ್ತವೆ, ಎಣ್ಣೆಯ ಪದರವನ್ನು ಕತ್ತರಿಸಿ ಹೊರದೂಡಲು. ಗೆರೆ ಮೊಂಡಾದರೆ ಉಂಗುರ ಎಣ್ಣೆಯ ಮೇಲೆ ಜಾರುತ್ತದೆ, ಗೇರ್ ಕಿರುಚುತ್ತದೆ. ಸಾಮಾನ್ಯವಾಗಿ ಮೊದಲು ಸಾಯುವುದು ಎರಡನೇ ಗೇರಿನದು. ಮೂರರಿಂದ ಎರಡಕ್ಕೆ ಇಳಿಸುವಾಗ ವೇಗದ ಅಂತರ ದೊಡ್ಡದು, ಉಂಗುರ ಉಜ್ಜಿ ತೀರಿಸಬೇಕಾದ ಶಕ್ತಿ ಆ ಅಂತರದ ವರ್ಗದಷ್ಟು. ಅಂತರ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ನಾಯಂಡಹಳ್ಳಿಯ ಜಾಮಿನಲ್ಲಿ ದಿನಕ್ಕೆ ನೂರು ಸಲ ಮೂರು-ಎರಡು, ಎರಡು-ಮೂರು ಮಾಡಿದ ಗಾಡಿಯ ಎರಡನೇ ಗೇರು ಹೇಗಿದ್ದೀತು, ಯೋಚಿಸಿ.

ಈಗ ಬೇರಿಂಗು. ಇದೂ ಸವೆಯುವ ಭಾಗವೇ, ಆದರೆ ಇದರ ಸಾವಿಗೆ ಲೆಕ್ಕವುಂಟು. ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ 1947ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬೇರಿಂಗ್ ಕಂಪನಿಗಳ ಪುಸ್ತಕಗಳಲ್ಲಿದೆ. ಗುಂಡುಗಳ ಬೇರಿಂಗಿನ ಮೇಲಿನ ಹೊರೆ ಎರಡರಷ್ಟಾದರೆ ಆಯುಸ್ಸು ಎಂಟನೇ ಒಂದಕ್ಕೆ ಇಳಿಯುತ್ತದೆ. ಹೊರೆ ಬರೀ ಶೇಕಡಾ 20 ಹೆಚ್ಚಿದರೂ ಆಯುಸ್ಸು ಶೇಕಡಾ 58ಕ್ಕೆ ಬರುತ್ತದೆ. ಜಲ್ಲಿ ಹೊತ್ತ ಗಾಡಿಯ ಗೇರ್‌ಬಾಕ್ಸಿಗೂ ಹೂವು ಹೊತ್ತ ಗಾಡಿಯ ಗೇರ್‌ಬಾಕ್ಸಿಗೂ ಇರುವ ವ್ಯತ್ಯಾಸ ಅದು. ಕಿಲೋಮೀಟರು ಕೇಳಿ ಪ್ರಯೋಜನವಿಲ್ಲ, ಏನು ಹೊತ್ತಿತ್ತು ಎಂದು ಕೇಳಬೇಕು. ಗುಜರಿಯಲ್ಲಿ ಅದಕ್ಕೆ ಉತ್ತರ ಕೊಡುವವರು ಯಾರೂ ಇಲ್ಲ.

ಬೇರಿಂಗಿನ ಒಳ್ಳೆಯ ಗುಣವೆಂದರೆ ಅದಕ್ಕೆ ಊರಿಲ್ಲ, ಜಾತಿಯಿಲ್ಲ. ಮೈಮೇಲೆ 6308 ಎಂದಿದ್ದರೆ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿ: ಒಳರಂಧ್ರ 40 ಮಿ.ಮೀ. ಹೊರಗೆ 90, ಅಗಲ 23. ಜಗತ್ತಿನ ಯಾವ ಕಂಪನಿ ಮಾಡಿದರೂ ಅಳತೆ ಅದೇ. ಸಂಖ್ಯೆ ಓದಿಕೊಂಡು ಜೆ.ಸಿ. ರಸ್ತೆಗೆ ಹೋದರೆ ಮಧ್ಯಾಹ್ನದೊಳಗೆ ಸಿಗುತ್ತದೆ. ಹಳಸಿದ ಬೇರಿಂಗು ಗೇರ್‌ಬಾಕ್ಸನ್ನು ಬೇಡವೆನ್ನಲು ಕಾರಣವೇ ಅಲ್ಲ.

ಹಾಗಾದರೆ ಕಾರಣ ಯಾವುದು? ಹಲ್ಲು.

ಮೆಕ್ಯಾನಿಕ್ ಬೆಳ್ಳಿ ಗೇರ್‌ಬಾಕ್ಸಿನ ಮೇಲ್ಮುಚ್ಚಳದ ಬೋಲ್ಟುಗಳನ್ನು ಸಡಿಲಿಸಿ, ಗೇರ್ ಕಡ್ಡಿ ಸಮೇತ ಮುಚ್ಚಳ ಎತ್ತಿದರು. ಲಾರಿ ಗೇರ್‌ಬಾಕ್ಸಿನ ದೊಡ್ಡ ಅನುಕೂಲ ಇದು: ಏನನ್ನೂ ಬಿಚ್ಚದೆ ಒಳಗಿನದೆಲ್ಲ ಕಾಣುತ್ತದೆ. ಬೆಳ್ಳುಳ್ಳಿ ಕೊಳೆತಂಥ ವಾಸನೆ ಬಂತು. ಗೇರ್ ಆಯಿಲಿಗೆ ಸೇರಿಸುವ ಗಂಧಕದ ಸಂಯುಕ್ತಗಳ ವಾಸನೆ ಅದು. ಬನಿಯನ್ ವೇಸ್ಟಿನಿಂದ ಹಲ್ಲುಗಳನ್ನು ಒರೆಸಿ, ಮೊಬೈಲಿನ ಟಾರ್ಚನ್ನು ನೇರ ಬಿಡದೆ ಅಡ್ಡಡ್ಡ ಹಿಡಿದು, ಕೌಂಟರ್ ಶಾಫ್ಟನ್ನು ಒಂದೊಂದೇ ಹಲ್ಲು ತಿರುಗಿಸುತ್ತ ಹೋದರು. ಬೇರಿಂಗುಗಳು ಹೊಚ್ಚಹೊಸವು, ಸಂಖ್ಯೆ ಕೂಡ ಅಳಿಸಿಲ್ಲ. ಅದಕ್ಕೇ ಬೆಣ್ಣೆಯಂತೆ ತಿರುಗಿದ್ದು. ಮೂರನೇ ಗೇರಿನ ಚಕ್ರಕ್ಕೆ ಬಂದಾಗ ಕೈ ನಿಂತಿತು.

‘ಹಲ್ಲು ತಿಂದಿದೆ ನೋಡಿ ಮೇಷ್ಟ್ರೇ.’

ಹಲ್ಲಿನ ನಡುವಿನ ಗೆರೆಗಿಂತ ಸ್ವಲ್ಪ ಕೆಳಗೆ, ಸಿಡುಬು ಎದ್ದು ಹೋದ ಮುಖದ ಹಾಗೆ ಸಾಲುಸಾಲು ಗುಳಿಗಳು. ಸಾಸಿವೆ ಕಾಳಿನಷ್ಟು ದೊಡ್ಡವೂ ಇದ್ದವು. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು.

ಈ ಗುಳಿ ಹೇಗೆ ಬೀಳುತ್ತದೆ ಎಂಬುದನ್ನು ತಿಳಿಯಲು 1880ರ ಬರ್ಲಿನ್ನಿಗೆ ಹೋಗಬೇಕು. ಹೈನ್ರಿಷ್ ಹರ್ಟ್ಸ್‌ಗೆ ಆಗ 23 ವರ್ಷ. ಮುಂದೆ ರೇಡಿಯೊ ಅಲೆಗಳನ್ನು ತೋರಿಸಿಕೊಟ್ಟು, ನಮ್ಮ ಆಕಾಶವಾಣಿಯ ಕಿಲೋಹರ್ಟ್ಸಿನಲ್ಲಿ ಹೆಸರಾಗಿ ಉಳಿದವನು ಇವನೇ. ಆಗ ಅವನ ತಲೆಯಲ್ಲಿದ್ದದ್ದು ಗಾಜು: ಒಂದರ ಮೇಲೊಂದು ಮಸೂರ ಇಟ್ಟು ಒತ್ತಿದರೆ ತಾಗುವ ಬಿಂದು ಎಷ್ಟು ಅಗಲವಾಗುತ್ತದೆ? ಕ್ರಿಸ್‌ಮಸ್ ರಜೆಯಲ್ಲಿ ಕೂತು ಲೆಕ್ಕ ಬಿಡಿಸಿದ. ಎರಡು ಬಾಗಿದ ಮೈಗಳು ತಾಗುವ ಜಾಗ ಬಹಳ ಕಿರಿದು, ಆದ್ದರಿಂದ ಅಲ್ಲಿನ ಒತ್ತಡ ಅಗಾಧ. ಲಾರಿ ಗೇರಿನ ಹಲ್ಲಿಗೆ ಹಲ್ಲು ತಾಗುವುದು ಒಂದು ಸಣ್ಣ ಪಟ್ಟಿಯಷ್ಟೇ ಜಾಗದಲ್ಲಿ. ಅಲ್ಲಿ ಒಂದು ಚದರ ಸೆಂಟಿಮೀಟರಿಗೆ ಹತ್ತು ಟನ್ನಿನ ಲೆಕ್ಕದ ಒತ್ತಡ ಬೀಳುವುದು ಅಪರೂಪವಲ್ಲ.

ಆ ಒತ್ತಡ ತಡೆಯಲೆಂದೇ ಗೇರನ್ನು ಬೇಯಿಸಿರುತ್ತಾರೆ. ಹಲ್ಲು ಪೂರ್ತಿ ಕೋಡುಬಳೆಯಂತೆ ಗಡುಸಾದರೆ ಒಂದೇ ಏಟಿಗೆ ಮುರಿಯುತ್ತದೆ, ಪೂರ್ತಿ ಮೆದುವಾದರೆ ಸವೆಯುತ್ತದೆ. ಆದ್ದರಿಂದ ಶೇಕಡಾ 0.2ರಷ್ಟು ಇಂಗಾಲವಿರುವ ಉಕ್ಕಿನಲ್ಲಿ ಹಲ್ಲು ಕಡಿದು, ಇಂಗಾಲ ತುಂಬಿದ ಕುಲುಮೆಯಲ್ಲಿ 900 ಡಿಗ್ರಿ ದಾಟಿದ ಕಾವಿನಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಮೇಲ್ಪದರ ಮಾತ್ರ ಇಂಗಾಲ ಕುಡಿದು ಸುಮಾರು ಶೇಕಡಾ 0.8ಕ್ಕೆ ಬರುತ್ತದೆ. ಆಮೇಲೆ ಎಣ್ಣೆಯಲ್ಲಿ ಅದ್ದಿದರೆ ಹೊರಗೆ ಅರ (ಫೈಲ್) ಜಾರುವಷ್ಟು ಗಡಸು, ಒಳಗೆ ಬಾಗಿ ತಾಳಿಕೊಳ್ಳುವಷ್ಟು ಜಿಗುಟು. ಗಡಸು ಪದರದ ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಲಾರಿಯ ಹಲ್ಲಿನ ಆಯುಸ್ಸೆಲ್ಲ ಆ ಒಂದು ಮಿಲಿಮೀಟರಿನಲ್ಲಿದೆ.

ಹರ್ಟ್ಸನ ಲೆಕ್ಕವನ್ನು ಮುಂದುವರಿಸಿದರೆ ಸಿಗುವ ಸಂಗತಿ ಇನ್ನೂ ಕುತೂಹಲದ್ದು. ಲೋಹವನ್ನು ಕತ್ತರಿಸಲು ನೋಡುವ ಬಲ ಅತಿ ಹೆಚ್ಚಿರುವುದು ಮೇಲ್ಮೈಯಲ್ಲಲ್ಲ, ಅದರ ಸ್ವಲ್ಪ ಕೆಳಗೆ. ಲಕ್ಷಾಂತರ ಸಲ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಆದ ಮೇಲೆ ಒಳಗೆ ಎಲ್ಲೋ ಕೂದಲಿಗಿಂತ ಸಣ್ಣ ಬಿರುಕು ಹುಟ್ಟುತ್ತದೆ, ಮೇಲಕ್ಕೆ ತೆವಳುತ್ತದೆ. ಕೆಲವೊಮ್ಮೆ ಮೇಲಿನಿಂದಲೇ ಶುರುವಾಗುತ್ತದೆ, ಒತ್ತಡಕ್ಕೆ ಒಳನುಗ್ಗಿದ ಎಣ್ಣೆ ಅದನ್ನು ಅಗಲಿಸುತ್ತದೆ. ಕೊನೆಗೊಂದು ದಿನ ಚೂರು ಕಿತ್ತು ಬರುತ್ತದೆ. ಗುಳಿ ಎಂದರೆ ಬೇನೆಯ ಕೊನೆಯ ಹಂತ. ಅದು ಕಾಣಿಸುವ ಹೊತ್ತಿಗೆ ಪಕ್ಕದ ಹಲ್ಲುಗಳ ಒಳಗೂ ಬಿರುಕು ನಡೆದಿರುತ್ತದೆ. ಉಜ್ಜಿ ನಯ ಮಾಡಿದರೆ ಗಡಸು ಪದರವೇ ಹೋಯಿತು. ವೆಲ್ಡಿಂಗ್ ಮಾಡಿ ಹಲ್ಲು ತುಂಬಿಸಿ ಅರ ಹಾಕಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಆ ಕಾವಿಗೆ ಸುತ್ತಲಿನ ಬೇಯಿಸಿದ ಗುಣವೂ ಹೋಗುತ್ತದೆ. ನಾನು ನನ್ನ ಶತ್ರುವಿನ ಲಾರಿಗೂ ಅದನ್ನು ಹೇಳಲಾರೆ.

ಆ ಒಂದು ಚಕ್ರವನ್ನಷ್ಟೇ ಹೊಸದು ಹಾಕಿದರೆ? ಮೇಷ್ಟ್ರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಉತ್ತರ ಸಿಗುವುದು ಆರನೇ ಕ್ಲಾಸಿನ ಲ.ಸಾ.ಅ.ದಲ್ಲಿ. 20 ಹಲ್ಲಿನ ಚಕ್ರ 40 ಹಲ್ಲಿನದನ್ನು ತಿರುಗಿಸುತ್ತಿದ್ದರೆ, ಚಿಕ್ಕದರ ಒಂದು ಹಲ್ಲು ಜೀವಮಾನವಿಡೀ ದೊಡ್ಡದರ ಅವೇ ಎರಡು ಹಲ್ಲುಗಳನ್ನು ಕಚ್ಚುತ್ತದೆ. ಒಂದರಲ್ಲಿ ಊನವಿದ್ದರೆ ಅವೆರಡು ಮಾತ್ರ ಬೇಗ ಕೆಡುತ್ತವೆ. ಅದಕ್ಕೇ ಗೇರ್ ಕಡಿಯುವವರು ಸಾಮಾನ್ಯ ಅಪವರ್ತನ ಇಲ್ಲದ ಸಂಖ್ಯೆಗಳನ್ನು ಇಷ್ಟಪಡುತ್ತಾರೆ. 17 ಮತ್ತು 38 ಆದರೆ ಚಿಕ್ಕ ಚಕ್ರ 38 ಸುತ್ತು ಹಾಕುವ ತನಕ ಅದೇ ಜೋಡಿ ಮತ್ತೆ ಭೇಟಿಯಾಗುವುದಿಲ್ಲ. ನಡುವೆ ಎಲ್ಲ ಹಲ್ಲೂ ಎಲ್ಲ ಹಲ್ಲನ್ನೂ ಮುಟ್ಟಿರುತ್ತದೆ. ಸವೆತ ಸಮನಾಗಿ ಹಂಚಿಹೋಗುತ್ತದೆ. ಇದರ ಇನ್ನೊಂದು ಮುಖವೆಂದರೆ ಒಂದು ಹಲ್ಲಿನ ಪಾಪವೂ ಎಲ್ಲರಿಗೂ ಹಂಚಿಹೋಗುತ್ತದೆ. ಗುಳಿ ಬಿದ್ದ ಚಕ್ರದ ಜೋಡಿಯೂ ಹೋದಂತೆಯೇ, ಬದಲಿಸಿದರೆ ಎರಡನ್ನೂ ಬದಲಿಸಬೇಕು. ಅದರಲ್ಲೊಂದು ಕೌಂಟರ್ ಶಾಫ್ಟಿನ ಮೈಯೇ ಆಗಿದ್ದರೆ ಶಾಫ್ಟಿಗೆ ಶಾಫ್ಟೇ ಹೊಸದು. ಆ ಬಿಲ್ಲು ಬಂದಾಗ ಇನ್ನೊಂದು ಗೇರ್‌ಬಾಕ್ಸನ್ನೇ ಕೊಳ್ಳಬಹುದಿತ್ತು ಅನಿಸುತ್ತದೆ.

ಬೆಳ್ಳಿಯ ಮುಚ್ಚಳ ಮತ್ತೆ ಮುಚ್ಚಿಕೊಂಡಿತು. ಹಿಂದೆ ಅದನ್ನು ಕಟ್ಟಿದವರು ಮೋಸ ಮಾಡಿದ್ದಾರೆಂದು ನನಗೆ ಅನ್ನಿಸಲಿಲ್ಲ. ಸದ್ದು ಬಂತು, ಬೇರಿಂಗ್ ಹಾಕಿದರು, ಸದ್ದು ನಿಂತಿತು. ‘ರಿಪೇರಿ ಆಗಿದೆ’ ಎಂಬ ಮಾತು ಸುಳ್ಳಲ್ಲ.

ಮಣ್ಣು ಮೆತ್ತಿದ್ದನ್ನು ತೆರೆದೆವು. ಕೆಳಗಿನ ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ಪೇಸ್ಟು ಅಂಟಿತ್ತು. ಬೆರಳಲ್ಲಿ ಉಜ್ಜಿದರೆ ವಿಭೂತಿಯಷ್ಟು ನುಣುಪು. ಅದಕ್ಕೆ ಹೆದರಬೇಕಿಲ್ಲ, ಹೆದರಬೇಕಾದದ್ದು ಚಕ್ಕೆ ಸಿಕ್ಕರೆ. ಎಣ್ಣೆಯಲ್ಲಿ ಚಿನ್ನದ ಪುಡಿಯಂಥ ಮಿಂಚು ತೇಲುತ್ತಿತ್ತು: ಸಿಂಕ್ರೋ ಉಂಗುರದ ಬೂದಿ. ಎರಡನೇ ಗೇರಿನ ಉಂಗುರವನ್ನು ಶಂಕುವಿನ ಮೇಲೆ ಒತ್ತಿ ತಿರುವಿದರೆ ಹಿಡಿಯದೆ ಜಾರಿತು. ಉಂಗುರಕ್ಕೂ ಚಕ್ರಕ್ಕೂ ನಡುವೆ ಇರಬೇಕಾದ ಸಂದಿಯಲ್ಲಿ ಫೀಲರ್ ಗೇಜಿನ ತೆಳು ಎಲೆಯೂ ತೂರಲಿಲ್ಲ. ಬೇರಿಂಗು ಎರಡು ಹೋಗಿದ್ದವು. ಆದರೆ ಹಲ್ಲುಗಳು, ಒಂದನೆಯದರಿಂದ ಐದನೆಯದರವರೆಗೆ, ಟಾರ್ಚಿನಡಿ ಉಜ್ಜಿದ ತಂಬಿಗೆಯಂತೆ ಹೊಳೆದವು. ಯಾರೋ ಎರಡನೇ ಗೇರನ್ನು ಹಿಂಸಿಸಿದ್ದರು, ಭಾರ ಮಾತ್ರ ಹೇರಿರಲಿಲ್ಲ.

ಆಗಲೇ ಮೇಷ್ಟ್ರು ಮನಸ್ಸು ಮಾಡಿದ್ದು: ಇದನ್ನು ಕಟ್ಟಿಸುವುದು.

ಇದೇ ಕೆಲಸ ಇಲ್ಲಿಂದ ಸ್ವಲ್ಪ ದೂರದ ಕೆಂಗೇರಿಯಲ್ಲಿ ಬೇರೆ ರೀತಿ ನಡೆಯುತ್ತದೆ. ಕೆಎಸ್‌ಆರ್‌ಟಿಸಿಯ ಪ್ರಾದೇಶಿಕ ಕಾರ್ಯಾಗಾರ ಇರುವುದು ಅಲ್ಲಿ. 1948ರಲ್ಲಿ ಮೈಸೂರು ಸರಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳಿಂದ ಶುರುವಾಗಿ, 1961ರಲ್ಲಿ ನಿಗಮವಾಯಿತು. ಈಚಿನ ವರ್ಷಗಳಲ್ಲಿ ಲಕ್ಷಗಟ್ಟಲೆ ಕಿಲೋಮೀಟರು ಓಡಿದ ಬಸ್ಸುಗಳನ್ನು ಅಲ್ಲಿ ಪುನಶ್ಚೇತನಗೊಳಿಸಿ ರಸ್ತೆಗೆ ಬಿಡುತ್ತಿದ್ದಾರೆ. ಸಾವಿರಾರು ಬಸ್ಸುಗಳಿರುವ ಸಂಸ್ಥೆಗೆ ಒಂದು ಗೇರ್‌ಬಾಕ್ಸಿನ ಜಾತಕ ಬೇಕಿಲ್ಲ. ಒಂದೇ ಮಾದರಿಯವು ಇಷ್ಟು ದೂರಕ್ಕೆ ಸರಾಸರಿ ಇಷ್ಟು ಕೆಡುತ್ತವೆ ಎಂದು ಗೊತ್ತಿದ್ದರೆ ಸಾಕು. ಲುಂಡ್‌ಬರ್ಗ್–ಪಾಮ್‌ಗ್ರೆನ್ ಲೆಕ್ಕವೂ ಗುಂಪಿನದೇ: ನೂರು ಬೇರಿಂಗಿನಲ್ಲಿ ಹತ್ತು ಕೆಡುವ ಹೊತ್ತಿಗೆ ಎಷ್ಟು ಸುತ್ತು ಎಂದು ಅದು ಹೇಳುತ್ತದೆ. ನಿಮ್ಮದು ಆ ಹತ್ತರಲ್ಲೋ ತೊಂಬತ್ತರಲ್ಲೋ ಎಂದು ಹೇಳುವುದಿಲ್ಲ. ಮೇಷ್ಟ್ರಿಗೆ ಇರುವುದು ಒಂದೇ ಗೇರ್‌ಬಾಕ್ಸು. ಸರಾಸರಿ ಅವರಿಗೆ ಅನ್ನ ಹಾಕುವುದಿಲ್ಲ, ಟಾರ್ಚೇ ಗತಿ.

ಒಳ್ಳೆಯ ಹಲ್ಲು ಕಂಡಿತೆಂದು ಎಲ್ಲವನ್ನೂ ಬಿಚ್ಚಲೇಬೇಕೆ? ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಕೋಸ್ಟಲ್ ಕಮಾಂಡಿನ ವಿಮಾನಗಳ ದಾಖಲೆ ನೋಡಿದ ವಾಡಿಂಗ್‌ಟನ್ ಎಂಬಾತ ಒಂದು ವಿಚಿತ್ರ ಕಂಡ. ಮೂಲತಃ ಆತ ಭ್ರೂಣಗಳನ್ನು ಅಭ್ಯಸಿಸಿದ ಜೀವವಿಜ್ಞಾನಿ. ಪ್ರತಿ 50 ಗಂಟೆ ಹಾರಾಟಕ್ಕೊಮ್ಮೆ ತಪಾಸಣೆ ಇತ್ತು. ರಿಪೇರಿಗೆ ಬರುವ ವಿಮಾನಗಳು ಅತಿ ಹೆಚ್ಚಿದ್ದದ್ದು ತಪಾಸಣೆ ಆದ ಸ್ವಲ್ಪ ಹೊತ್ತಿನಲ್ಲಿ, ಮುಂದಿನ ತಪಾಸಣೆ ಹತ್ತಿರವಾದಂತೆ ಕಡಿಮೆಯಾಗುತ್ತಿತ್ತು! ಸರಿಯಿದ್ದದ್ದನ್ನು ಮುಟ್ಟಿ ಕೆಡಿಸುತ್ತಿದ್ದರು. ಗೇರ್‌ಬಾಕ್ಸಿಗೂ ಇದು ಅನ್ವಯಿಸುತ್ತದೆ. ಪ್ರೆಸ್ಸಿಲ್ಲದೆ ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ ಬೇರಿಂಗು ಗುಂಡುಗಳ ಗುರುತು ಮೂಡಿಸಿಕೊಂಡು ಹುಟ್ಟುವಾಗಲೇ ಸಾಯುತ್ತದೆ. ಸಂದಿ ತುಂಬುವ ಒಂದು ಶಿಮ್ ತಪ್ಪಿದರೆ ಶಾಫ್ಟು ಹಿಂದೆಮುಂದೆ ಆಡುತ್ತದೆ. ನನ್ನ ಮಟ್ಟಿಗೆ ಮುಚ್ಚಳ ತೆಗೆಯುವುದು ಬೇರೆ, ಬಿಚ್ಚುವುದು ಬೇರೆ. ಮುಚ್ಚಳವನ್ನು ಯಾವಾಗಲೂ ತೆಗೆಸಿ ನೋಡಿ. ಬಿಚ್ಚಿಸುವುದು ಒಳಗೆ ಕೆಟ್ಟದ್ದು ಕಂಡರೆ ಮಾತ್ರ. ಇಲ್ಲಿ ಕಂಡಿತ್ತು.

ಇನ್ನೂ ಒಂದು ಅದೃಷ್ಟ ಮೇಷ್ಟ್ರಿಗಿತ್ತು. 407 ಬಂದದ್ದು 1986ರಲ್ಲಿ. ಡಿಸಿಎಂ ಟೊಯೊಟಾ, ಆಲ್ವಿನ್ ನಿಸ್ಸಾನ್, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ ಎಂದು ಜಪಾನಿನ ನಂಟಿನ ಪುಟ್ಟ ಲಾರಿಗಳು ರಸ್ತೆ ತುಂಬಿದ್ದ ಕಾಲ. ಅವುಗಳಲ್ಲಿ ಮೊದಲೆರಡರ ಹೆಸರು ಹೇಳಿದರೆ ಈಗಿನ ಅಂಗಡಿ ಹುಡುಗರು ಮುಖ ನೋಡುತ್ತಾರೆ. 407 ಮಾತ್ರ ದಶಕಗಳ ಕಾಲ ತಯಾರಾಗುತ್ತಲೇ ಇತ್ತು, ಹಾಗಾಗಿ ಅದರ ಉಂಗುರವೂ ಫೋರ್ಕೂ ಆಯಿಲ್ ಸೀಲೂ ಸಿಗುತ್ತವೆ. ಎಷ್ಟೇ ಒಳ್ಳೆಯ ಹಲ್ಲಿದ್ದರೂ ಸಿಂಕ್ರೋ ಉಂಗುರ ಸಿಗದ ಗೇರ್‌ಬಾಕ್ಸು ಕಬ್ಬಿಣದ ತೂಕಕ್ಕೆ ಸಮ.

ಖರ್ಚು ಬರೆದಿಟ್ಟ ನೋಟ್‌ಬುಕ್ಕನ್ನು ಮೇಷ್ಟ್ರು ತೋರಿಸಿದರು. ಬೇರಿಂಗು, ಎಲ್ಲ ಉಂಗುರಗಳು, ಸೀಲು, ಗ್ಯಾಸ್ಕೆಟ್ಟು, ಲೇಬರ್ ಎಲ್ಲ ಸೇರಿ ಗೇರ್‌ಬಾಕ್ಸ್ ಕೊಂಡದ್ದಕ್ಕಿಂತ ಕಟ್ಟಿಸಿದ್ದೇ ಹೆಚ್ಚಾಗಿತ್ತು. ಮನೆಯಲ್ಲಿ ಅದಕ್ಕೆ ಮಾತೂ ಆಗಿತ್ತಂತೆ. ಆದರೆ ಹೋಲಿಸಬೇಕಾದದ್ದು ಆ ಬೆಲೆಯನ್ನಲ್ಲ. ಕುಣಿಗಲ್ ದಾರಿಯಲ್ಲಿ ಗೇರು ಸಿಕ್ಕಿಕೊಂಡರೆ ಟೋಯಿಂಗು, ಮತ್ತೆ ಇಳಿಸಿ ಏರಿಸುವ ಕೂಲಿ, ಅಂಗಳದಲ್ಲಿ ಕಾದು ಕೂತ ಮಕ್ಕಳು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಟ್ಟಿದ ಮೇಲೆ ಎಣ್ಣೆಯ ವಿಷಯದಲ್ಲಿ ಸಣ್ಣ ಜಗಳವಾಯಿತು. ಅಂಗಡಿಯವರು ‘ಜಿಎಲ್-5 ತಗೊಳ್ಳಿ, ಜಾಸ್ತಿ ಸ್ಟ್ರಾಂಗ್’ ಎಂದಿದ್ದರು. ಹಿಂದಿನ ಆಕ್ಸಲ್ಲಿಗೆ ಅದು ಸರಿ. ಅದರಲ್ಲಿ ಹೆಚ್ಚಾಗಿರುವ ಗಂಧಕ–ರಂಜಕದ ಸಂಯುಕ್ತಗಳು ಕಂಚು-ಹಿತ್ತಾಳೆಯನ್ನು ತಿನ್ನುವ ಅಪಾಯವಿದೆ, ಹೊಸ ಉಂಗುರಗಳೆಲ್ಲ ಆ ಜಾತಿಯವೇ. ಮೇಷ್ಟ್ರು ಹಠ ಮಾಡಿ ಜಿಎಲ್-4 ತಂದರು. ಸ್ಟ್ರಾಂಗ್ ಕಾಫಿ ಎಲ್ಲರ ಹೊಟ್ಟೆಗೂ ಒಗ್ಗುವುದಿಲ್ಲ.

ಮೊದಲ ಓಟ ಮಾಗಡಿ ರಸ್ತೆಯಲ್ಲಿ ಸುಮನಹಳ್ಳಿ ಕಡೆಗೆ, ಅಲ್ಲಿಂದ ರಿಂಗ್ ರೋಡಿನಲ್ಲಿ ನಾಗರಬಾವಿಗೆ. ಎರಡನೇ ಗೇರು ಎರಡು ಬೆರಳಿಗೆ ಬಿತ್ತು. ಮನೆಯ ಮುಂದೆ ಲಾರಿಯನ್ನು ಹಿಂದಕ್ಕೆ ತೆಗೆಯುವಾಗ ಮಾತ್ರ ‘ಊಂ’ ಎಂದು ಉದ್ದಕ್ಕೆ ಅಳುವ ಸದ್ದು. ಮೇಷ್ಟ್ರ ಮುಖ ಸಪ್ಪಗಾಯಿತು.

‘ಅದು ಅಳ್ತಿರೋದಲ್ಲ ಮೇಷ್ಟ್ರೇ’ ಎಂದರು ಮೆಕ್ಯಾನಿಕ್, ಕ್ಯಾಬಿನ್ನಿನ ಪಕ್ಕ ನೇತಾಡುತ್ತಲೇ. ‘ರಿವರ್ಸ್ ಹಲ್ಲು ನೇರ ಇರುತ್ತೆ. ಮಿಕ್ಕಿದ್ದೆಲ್ಲ ಓರೆ.’

ಓರೆ ಹಲ್ಲಿನ ಚಕ್ರದಲ್ಲಿ ಒಂದು ಹಲ್ಲು ಬಿಡುವ ಮೊದಲೇ ಮುಂದಿನದು ಒಂದು ತುದಿಯಿಂದ ಮೆಲ್ಲಗೆ ಹಿಡಿದಿರುತ್ತದೆ, ಸದ್ದು ಕರಗಿಹೋಗುತ್ತದೆ. ನೇರ ಹಲ್ಲು ತನ್ನ ಇಡೀ ಅಗಲದಲ್ಲಿ ಒಮ್ಮೆಗೇ ತಟ್ಟುತ್ತದೆ. ಸೆಕೆಂಡಿಗೆ ನೂರಾರು ತಟ್ಟು ಸೇರಿ ಒಂದು ಸ್ವರವಾಗುತ್ತದೆ, ವೇಗ ಏರಿದಂತೆ ಶ್ರುತಿಯೂ ಏರುತ್ತದೆ. ರಿವರ್ಸಿನಲ್ಲಿ ಯಾರೂ ಹತ್ತಾರು ಮೈಲಿ ಹೋಗುವುದಿಲ್ಲವಾದ್ದರಿಂದ ಇಂಥ ಹಳೆಯ ಗೇರ್‌ಬಾಕ್ಸುಗಳಲ್ಲಿ ಅದಕ್ಕೆ ಅಗ್ಗದ ನೇರ ಹಲ್ಲೇ ಸಾಕೆಂದು ಬಿಟ್ಟಿರುತ್ತಾರೆ.

ಮೇಷ್ಟ್ರು ಲಾರಿಯನ್ನು ರಸ್ತೆಯ ತುದಿಗೆ ಒಯ್ದು, ಎಂಜಿನ್ನಿನ ವೇಗ ಒಮ್ಮೆ ಇಳಿಸಿ ಒಮ್ಮೆ ಏರಿಸಿ, ಮತ್ತೆ ಎರಡು ಸಲ ಹಿಂದಕ್ಕೆ ತಂದರು. ಎದುರುಮನೆಯವರು ಕಿಟಕಿ ತೆಗೆದು ನೋಡಿದರು.